ಓದಲಾಗದ ಲಿಪಿ

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಜೇಮ್ಸ್ ಹ್ಯಾಂಪ್ಟನ್ ಎಂಬ ಆಫ್ರಿಕನ್ ಮೂಲದ ಬಡ ನೌಕರನೊಬ್ಬನಿದ್ದನು. 1909ರಲ್ಲಿ ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ ಜನಿಸಿದ ಆತ, ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದು, 1946ರಿಂದ ಸರ್ಕಾರಿ ಕಟ್ಟಡಗಳನ್ನು ರಾತ್ರಿಯ ಹೊತ್ತು ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದನು. ಮದುವೆಯಾಗಲಿಲ್ಲ, ಆಪ್ತರೂ ವಿರಳ. ನಡುರಾತ್ರಿ ಕೆಲಸ ಮುಗಿದೊಡನೆ ಆತ ಮನೆಗೆ ಹೋಗದೆ, 1950ರಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಮೋಟಾರುಖಾನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದನು.

1964ರ ನವೆಂಬರಿನಲ್ಲಿ ಆತ ಕ್ಯಾನ್ಸರಿನಿಂದ ತೀರಿಕೊಂಡನು. ಮೋಟಾರುಖಾನೆಯ ಬಾಗಿಲನ್ನು ತೆರೆದವರ ಕಣ್ಣುಗಳು ಕೋರೈಸಿದುವು. ಚಿನ್ನ ಬೆಳ್ಳಿಗಳಿಂದಲೇ ನಿರ್ಮಿತವಾದಂತೆ ತೋರುವ ಒಂದು ಸಿಂಹಾಸನ; ಅದರ ಇಕ್ಕೆಲಗಳಲ್ಲಿ ಪೀಠಗಳು, ಕಿರೀಟಗಳು, ರೆಕ್ಕೆಯುಳ್ಳ ಆಕೃತಿಗಳು; ಎಲ್ಲ ಸೇರಿ ಸುಮಾರು 180. ಸಮೀಪಿಸಿ ನೋಡಿದರೆ ಅವೆಲ್ಲ ಮುರುಕು ಕುರ್ಚಿ ಮೇಜುಗಳು, ರಟ್ಟು, ಉರಿದುಹೋದ ವಿದ್ಯುದ್ದೀಪಗಳು! ಅವುಗಳ ಮೇಲೆ ಥಳಥಳಿಸುವ ತೆಳುವಾದ ಲೋಹದ ಹಾಳೆಯನ್ನು ಸುತ್ತಿದ್ದನು. ಕ್ರಿಸ್ತನು ಮರಳಿ ಬಂದು ಕುಳಿತುಕೊಳ್ಳುವುದಕ್ಕಾಗಿ ಆ ಭಕ್ತನು ಹದಿನಾಲ್ಕು ವರ್ಷ ಶ್ರಮಿಸಿ ಸಿದ್ಧಪಡಿಸಿದ ಆಸನವದು.

ಅಚ್ಚರಿ ಅಲ್ಲಿಗೇ ಮುಗಿಯಲಿಲ್ಲ. ಆ ವಸ್ತುಗಳಿಗೆ ಅಂಟಿಸಿದ ಚೀಟಿಗಳಲ್ಲಿ ಇಂಗ್ಲಿಷಿನ ಜೊತೆಗೆ ಯಾರೂ ಕಂಡರಿಯದ ಒಂದು ಲಿಪಿಯಿತ್ತು. ಒಂದು ಟಿಪ್ಪಣಿ ಪುಸ್ತಕವಂತೂ ಬಹುಮಟ್ಟಿಗೆ ಅದೇ ಲಿಪಿಯಿಂದ ತುಂಬಿತ್ತು.

ಅಜ್ಞಾತ ಲಿಪಿಯನ್ನು ಬಿಡಿಸುವವರು ಮೊದಲು ಚಿಹ್ನೆಗಳನ್ನು ಎಣಿಸುತ್ತಾರೆ. ಇಪ್ಪತ್ತು ಮೂವತ್ತು ಚಿಹ್ನೆಗಳಿದ್ದರೆ ಒಂದೊಂದೂ ಒಂದು ಧ್ವನಿಯನ್ನು ಸೂಚಿಸುತ್ತಿರಬಹುದು. ಎಂಬತ್ತು ತೊಂಬತ್ತಿದ್ದರೆ ಅವು ಗುಣಿತಾಕ್ಷರಗಳಂತೆ ಇರಬಹುದು. ಬಳಿಕ ಯಾವ ಚಿಹ್ನೆ ಎಷ್ಟು ಸಲ ಬಂದಿದೆಯೆಂಬುದನ್ನು ನೋಡುತ್ತಾರೆ. ಇಂಗ್ಲಿಷಿನಲ್ಲಿ ‘ಇ’ ಎಂಬ ಅಕ್ಷರವೇ ಅತಿ ಹೆಚ್ಚು ಬರುವುದರಿಂದ, ಇಂಗ್ಲಿಷನ್ನೇ ಮರೆಮಾಡಿ ಬರೆದಿದ್ದಲ್ಲಿ ಈ ಎಣಿಕೆಯಿಂದಲೇ ಗುಟ್ಟು ಹೊರಬೀಳಲು ತೊಡಗುತ್ತದೆ. ಹ್ಯಾಂಪ್ಟನ್ನನ ಪುಟಗಳನ್ನು ಗಣಕಯಂತ್ರದ ನೆರವಿನಿಂದಲೂ ಹೀಗೆ ಪರೀಕ್ಷಿಸಲಾಗಿದೆ. ಎಲ್ಲರೂ ಒಪ್ಪುವ ಓದು ಇದುವರೆಗೆ ದೊರೆತಿಲ್ಲ.

ತೊಡಕು ಎಲ್ಲಿದೆ? ಕೈಬರಹದಲ್ಲಿ ಒಂದೇ ಚಿಹ್ನೆ ತುಸು ವಾಲಿದರೆ, ಅದು ಬೇರೆ ಅಕ್ಷರವೋ ಅದೇ ಅಕ್ಷರವೋ ಎಂದು ತೀರ್ಮಾನಿಸುವುದು ಸುಲಭವಲ್ಲ. ಮೇಲಾಗಿ, ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಶಾಂಪೋಲಿಯೊನನು ಬಿಡಿಸಿದಾಗ, ಒಂದೇ ಶಾಸನದ ಗ್ರೀಕ್ ಪಾಠ ಆತನ ಕೈಯಲ್ಲಿತ್ತು. ಇಲ್ಲಿಯೂ ಇಂಗ್ಲಿಷ್ ಪಕ್ಕದಲ್ಲಿಯೇ ಇದೆಯಾದರೂ ಎರಡೂ ಒಂದೇ ಮಾತನ್ನು ಹೇಳುತ್ತವೆಂಬುದಕ್ಕೆ ಆಧಾರವಿಲ್ಲ. ಆವೇಶಗೊಂಡ ಭಕ್ತನ ಬಾಯಿಂದ ಅರ್ಥಾತೀತವಾದ ನುಡಿಗಳು ಹೊರಡುವಂತೆ, ಇದು ಆತನ ಕೈಯಿಂದ ಹೊರಟ ಬರಹವಾಗಿರಬಹುದೆಂದು ಊಹಿಸಿದವರೂ ಇದ್ದಾರೆ. ಹಾಗಿದ್ದಲ್ಲಿ ಬಿಡಿಸಲು ಗುಟ್ಟೇ ಇಲ್ಲ. ಆದರೆ ಅಷ್ಟು ಸುಲಭವಾಗಿ ಕೈಚೆಲ್ಲುವುದೂ ಸರಿಯಲ್ಲ. ಇಂಗ್ಲಿಷಿನಲ್ಲಿ ಬರೆದ ಚೀಟಿಗಳಲ್ಲಿ ಆತ ತನಗಾದ ದರ್ಶನಗಳನ್ನು ದಿನಾಂಕಸಹಿತ ದಾಖಲಿಸಿದ್ದಾನೆ. ಅಷ್ಟು ಕ್ರಮಬದ್ಧನಾದವನು ಪುಟಗಟ್ಟಲೆ ಸುಮ್ಮನೆ ಗೀಚಿರಲಾರ.

ಶವವನ್ನು ಒಯ್ಯಲು ಊರಿನಿಂದ ಬಂದ ಸೋದರಿ, ತಮ್ಮ ಕುಟುಂಬದವನೊಬ್ಬ ಇಂಥದನ್ನು ಕಟ್ಟಿದ್ದಾನೆಂಬುದನ್ನು ತಿಳಿದದ್ದೇ ಆಗ. ಸಿಂಹಾಸನವು ಈಗ ಅದೇ ನಗರದ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯದಲ್ಲಿದೆ. ಲಿಪಿಯ ಕೀಲಿಯನ್ನು ಹ್ಯಾಂಪ್ಟನ್ ಯಾರಿಗೂ ಕೊಟ್ಟು ಹೋಗಲಿಲ್ಲ.