ಪಕ್ಕದ ಸೀಟು ಮತ್ತು ಮೌನ: ಜಪಾನಿನ ರೈಲಿಗೆ ಹೊಸಬರಾದವರಿಗೆ

ಜಪಾನಿಗೆ ಹೊರಟವರಿಗೆ ನಾನು ಭಾಷೆ ಕಲಿಸುತ್ತೇನೆ. ಹೊರಡುವ ಮುಂಚೆ ಅವರ ಪ್ರಶ್ನೆಗಳೆಲ್ಲ ಬಾಡಿಗೆ ಮನೆ, ಸಸ್ಯಾಹಾರ, ಚಳಿಯ ಬಟ್ಟೆಗಳ ಸುತ್ತಲೇ ಇರುತ್ತವೆ. ಹೋಗಿ ಒಂದೆರಡು ತಿಂಗಳಾದ ಮೇಲೆ ಬರುವ ಪ್ರಶ್ನೆಯೇ ಬೇರೆ: “ಮೇಡಂ, ರೈಲಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ರೂ ಜನ ನಿಂತೇ ಇರ್ತಾರೆ. ನನ್ನಿಂದಾನಾ, ಇಲ್ಲಾ ನನಗೇ ಹಾಗನ್ಸುತ್ತಾ?” ಕೇಳುವವರ ದನಿಯಲ್ಲಿ ಸಂಕೋಚವಿರುತ್ತದೆ, ನೋವೂ ಇರುತ್ತದೆ. “ಏನಿಲ್ಲ ಬಿಡಿ, ಅದು ಅವರ ಸಂಸ್ಕೃತಿ” ಎಂದು ಸಮಾಧಾನ ಹೇಳಿ ಮುಗಿಸುವುದು ಸುಲಭ. “ಅವರೆಲ್ಲ ಜನಾಂಗದ್ವೇಷಿಗಳು” ಎಂದುಬಿಡುವುದೂ ಅಷ್ಟೇ ಸುಲಭ. ಎರಡೂ ಪೂರ್ತಿ ನಿಜವಲ್ಲ. ಆದ್ದರಿಂದ ನಿಧಾನವಾಗಿ, ಬಿಡಿಸಿ ಹೇಳುತ್ತೇನೆ.

2024ರ ಕೊನೆಯ ಹೊತ್ತಿಗೆ ಜಪಾನಿನಲ್ಲಿ ನೆಲೆಸಿದ್ದ ವಿದೇಶಿಯರು 37 ಲಕ್ಷಕ್ಕೂ ಹೆಚ್ಚು. ದೇಶದ ಜನಸಂಖ್ಯೆಯಲ್ಲಿ ಇದು ನೂರಕ್ಕೆ ಮೂರರಷ್ಟು. ಭಾರತೀಯರು 50 ಸಾವಿರ ದಾಟಿದ್ದಾರೆ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ ನಮ್ಮವರು ಹೆಚ್ಚು. 2000ನೇ ಇಸವಿಯ ಕಂಪ್ಯೂಟರ್ ಸಮಸ್ಯೆಯ ಕಾಲದಲ್ಲಿ ಬಂದ ಎಂಜಿನಿಯರುಗಳಿಂದ ಶುರುವಾದ ನೆಲೆ ಅದು. ಬೆಂಗಳೂರಿನಿಂದ ಹೋದವರಲ್ಲಿ ಬಹಳ ಮಂದಿ ಮೊದಲು ಹತ್ತುವುದು ಅಲ್ಲಿಂದ ನಗರದ ನಡುವಿಗೆ ಹೋಗುವ ತೋಜಾಯ್ ಮಾರ್ಗದ ರೈಲನ್ನೇ.

ಹತ್ತಿದೊಡನೆ ಮೊದಲು ತಟ್ಟುವುದು ಮೌನ. ನಮ್ಮ ಬಸ್ಸುಗಳಲ್ಲಿ ಪಕ್ಕದವರು “ಸ್ವಲ್ಪ ಸರ್ಕೊಳ್ಳಿ” ಎಂದು ಕೂತು, ಮುಂದಿನ ಸ್ಟಾಪ್ ಬರುವಷ್ಟರಲ್ಲಿ “ಯಾವೂರಾಯ್ತು?” ಎಂದು ಕೇಳಿರುತ್ತಾರೆ. ಆ ಅಭ್ಯಾಸದಲ್ಲಿ ಬೆಳೆದವರಿಗೆ ತೋಜಾಯ್ ಮಾರ್ಗದ ಬೋಗಿಯೊಳಗಿನ ಸದ್ದಿಲ್ಲದ ನೂರಾರು ಮುಖಗಳು ತಮ್ಮನ್ನೇ ದೂರ ಇಟ್ಟಂತೆ ಕಾಣುತ್ತವೆ. ಆದರೆ ಗಮನಿಸಿ: ಅವರು ಒಬ್ಬರಿಗೊಬ್ಬರೂ ಮಾತಾಡುತ್ತಿಲ್ಲ. ಅಪರಿಚಿತರ ಕಣ್ಣಲ್ಲಿ ಕಣ್ಣಿಡುವುದಿಲ್ಲ, ಫೋನಿನಲ್ಲಿ ಮಾತಾಡುವುದಿಲ್ಲ. ಫೋನನ್ನು ಸದ್ದಿಲ್ಲದಂತೆ ಇಡಿ ಎಂದು ಪ್ರತಿ ರೈಲಿನಲ್ಲೂ ಕೋರುತ್ತಾರೆ. ಪಕ್ಕದವರಿಗೆ ತೊಂದರೆ ಕೊಡಬಾರದು ಎಂಬ ಎಚ್ಚರವನ್ನು ಅಲ್ಲಿ ಮಕ್ಕಳಿಗೆ ಶಾಲೆಯಿಂದಲೇ ಕಲಿಸುತ್ತಾರೆ. ಆ ಮೌನ ನಿಮಗಾಗಿ ಹುಟ್ಟಿದ್ದಲ್ಲ, ನೀವು ಬರುವ ಮುಂಚೆಯೇ ಅಲ್ಲಿತ್ತು.

ಇಲ್ಲಿ ನಮ್ಮವರಿಗೆ ಒಂದು ಕಿವಿಮಾತು. ಟೋಕಿಯೊ ಸಮಯ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನೀವು ಸಂಜೆ ಏಳಕ್ಕೆ ಆಫೀಸು ಮುಗಿಸಿ ರೈಲು ಹತ್ತುವಾಗ ಊರಲ್ಲಿ ಮಧ್ಯಾಹ್ನ ಮೂರೂವರೆ. ಅಮ್ಮ ಊಟ ಮುಗಿಸಿ ಒಂದು ನಿದ್ದೆ ತೆಗೆದು ಫೋನ್ ಮಾಡುವ ಹೊತ್ತು ಅದೇ. ಫೋನ್ ಎತ್ತಿ “ಹಾಂ ಅಮ್ಮಾ, ರೈಲಲ್ಲಿದೀನಿ” ಎಂದರೆ ಇಡೀ ಬೋಗಿಗೆ ಕೇಳಿಸುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಪಕ್ಕದವರು ಎದ್ದು ಹೋದರೂ ಹೋಗಬಹುದು. “ಇಳಿದು ಮಾಡ್ತೀನಿ” ಎಂದು ಒಂದು ಮೆಸೇಜ್ ಹಾಕಿಬಿಡಿ. ಬೆನ್ನಿನ ಬ್ಯಾಗನ್ನು ಎದೆಯ ಕಡೆಗೆ ತಿರುಗಿಸಿ ಹಾಕಿಕೊಳ್ಳಿ. ಇಳಿಯುವವರು ಇಳಿದ ಮೇಲೆ ಸಾಲಿನಲ್ಲಿ ಹತ್ತಿ. ಗಂಡಸರು ಪ್ಲಾಟ್‌ಫಾರಂ ನೆಲದ ಗುಲಾಬಿ ಗುರುತನ್ನು ನೋಡಿಕೊಂಡು ನಿಲ್ಲಿ. ದಟ್ಟಣೆಯ ಹೊತ್ತಿನಲ್ಲಿ ಆ ಗುರುತಿನೆದುರು ಬಂದು ನಿಲ್ಲುವುದು ಮಹಿಳೆಯರ ಬೋಗಿ.

ಈಗ ಸೀಟಿನ ವಿಷಯ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು.

ಟೋಕಿಯೊದ ನಗರ ರೈಲುಗಳಲ್ಲಿ ಬೋಗಿಯ ಎರಡೂ ಬದಿಗೆ ಉದ್ದ ಬೆಂಚಿನಂಥ ಸೀಟುಗಳಿರುತ್ತವೆ, ಬಾಗಿಲಿನಿಂದ ಬಾಗಿಲಿಗೆ ಸಾಮಾನ್ಯವಾಗಿ ಏಳು ಜನರಿಗೆ. ಜೆಆರ್ ಕಂಪನಿಯ ಇ233 ಮಾದರಿಯ ರೈಲಿನಲ್ಲಿ ಒಬ್ಬರಿಗೆ ಸಿಗುವ ಅಗಲ 46 ಸೆಂಟಿಮೀಟರ್. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಈ ಏಳು ಜಾಗ ತುಂಬುವ ಕ್ರಮವನ್ನು ನೋಡಿ. ಮೊದಲು ಬಂದವರು ಎರಡು ತುದಿ ಹಿಡಿಯುತ್ತಾರೆ. ಅಲ್ಲಿ ಒಂದೇ ಪಕ್ಕಕ್ಕೆ ನೆರೆಯವರು, ಇನ್ನೊಂದು ಕಡೆ ಒರಗಲು ತಡೆ. ಆಮೇಲಿನವರು ನಟ್ಟನಡುವೆ ಕೂರುತ್ತಾರೆ. ಇಬ್ಬರ ಭುಜಕ್ಕೂ ತಾಗುವ ಜಾಗಗಳು ತುಂಬುವುದು ಕಟ್ಟಕಡೆಗೆ. ತುದಿಯಲ್ಲಿದ್ದವರು ಇಳಿದರೆ ಪಕ್ಕದಲ್ಲಿದ್ದವರು ಆ ತುದಿಗೆ ಸರಿಯುತ್ತಾರೆ. ನೀವು ಕೂತಿದ್ದಾಗ ಹೀಗಾದರೆ ನಿಮ್ಮನ್ನು ಕಂಡು ಓಡಿದರು ಎನ್ನಿಸುತ್ತದೆ. ಎದುರಿನ ಬೆಂಚನ್ನು ನೋಡಿ, ಅಲ್ಲಿ ಜಪಾನೀಯರ ಪಕ್ಕದಿಂದಲೂ ಹಾಗೆಯೇ ಸರಿಯುತ್ತಿರುತ್ತಾರೆ. ಮುಂದಿನ ನಿಲ್ದಾಣದಲ್ಲಿ ಇಳಿಯುವವರು ಬಾಗಿಲ ಬಳಿಯೇ ನಿಂತು ಬಿಡುತ್ತಾರೆ. ಅಪರಿಚಿತ ಗಂಡಸಿನ ಪಕ್ಕ ಕೂರಲು ಹೆಂಗಸರು ಹಿಂಜರಿಯುತ್ತಾರೆ, ಆ ಗಂಡಸು ಯಾವ ದೇಶದವನೇ ಆಗಿರಲಿ. ಕಿಕ್ಕಿರಿದ ರೈಲುಗಳಲ್ಲಿ ಮೈ ಮುಟ್ಟುವ ಪೀಡೆ ಅಲ್ಲಿ ಹಳೆಯ ರೋಗ. 2001ರಿಂದ ಮಹಿಳೆಯರ ಬೋಗಿಗಳು ಮತ್ತೆ ಬಂದದ್ದು ಅದಕ್ಕೇ. ಇನ್ನು ಕೆಲವರಿಗೆ ಇರುವುದು ಶುದ್ಧ ಭಾಷೆಯ ಭಯ: ಈ ವಿದೇಶಿ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಉತ್ತರಿಸಲು ಬಾರದೆ ಎಲ್ಲರೆದುರು ಒದ್ದಾಡಬೇಕಾದೀತು ಎಂಬ ಅಂಜಿಕೆ. ಶಾಲೆಯಲ್ಲಿ ಇಂಗ್ಲಿಷ್ ಓದಿದರೂ ನಾಲಿಗೆಗೆ ಬಾರದವರ ಸಂಕಟ ನಮಗೆ ಗೊತ್ತಿರದ್ದೇನಲ್ಲ.

ಹಾಗಾದರೆ ಎಲ್ಲವೂ ಬರಿ ನಮ್ಮ ಭ್ರಮೆಯೇ? ಇಲ್ಲ.

ಎಲ್ಲ ಸೀಟು ತುಂಬಿ, ನಿಮ್ಮ ಪಕ್ಕದ ಒಂದೇ ಜಾಗ ಉಳಿದು, ಎದುರಿಗೆ ದಣಿದ ಜನ ನಿಂತೇ ಇದ್ದು, ಇದು ಮತ್ತೆ ಮತ್ತೆ ಆದರೆ ನಿಮ್ಮ ಕಣ್ಣು ನಿಮಗೆ ಸುಳ್ಳು ಹೇಳುತ್ತಿಲ್ಲ. ಬ್ರೂಕ್ಲಿನ್‌ನಿಂದ ಬಂದು ಯೊಕೊಹಾಮದಲ್ಲಿ ನೆಲೆಸಿದ ಕಪ್ಪು ವರ್ಣದ ಅಮೆರಿಕನ್ ಲೇಖಕ ಬೇ ಮೆಕ್‌ನೀಲ್ ಈ ಖಾಲಿ ಸೀಟಿನ ಬಗ್ಗೆ ಮನಮುಟ್ಟುವಂತೆ ಬರೆದಿದ್ದಾರೆ. ದಿನವೂ ಚುಚ್ಚುವ ಸಣ್ಣ ಮುಳ್ಳು ಮನುಷ್ಯನ ಒಳಗನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅವರಷ್ಟು ಪ್ರಾಮಾಣಿಕವಾಗಿ ಹೇಳಿದವರು ಕಡಿಮೆ. ಮೈಬಣ್ಣ ಗಾಢವಾಗಿದ್ದಷ್ಟೂ ಈ ಅನುಭವ ಹೆಚ್ಚು ಎಂದು ನಮ್ಮವರೂ ಹೇಳುತ್ತಾರೆ, ನಾನು ನಂಬುತ್ತೇನೆ. ಕೊರಿಯಾ, ಚೀನಾ ಮೂಲದವರ ಕಷ್ಟ ಇನ್ನೊಂದು ಬಗೆಯದು. ನೋಡಲು ಜಪಾನೀಯರಂತೆಯೇ ಇರುವುದರಿಂದ ಅವರ ಪಕ್ಕದ ಸೀಟು ತುಂಬುತ್ತದೆ. ಬಾಯಿಬಿಟ್ಟು ತಮ್ಮ ಭಾಷೆಯಲ್ಲಿ ಮಾತಾಡಿದಾಗ ತಿರುಗಿ ನೋಡುವ ಕಣ್ಣುಗಳನ್ನು ಅವರು ಎದುರಿಸಬೇಕು.

ಇಂಥ ಭೇದಭಾವ ಇದೆ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಪುರಾವೆ ಕೊಡುತ್ತದೆ. 2016ರ ಕೊನೆಯಲ್ಲಿ ಜಪಾನಿನ ನ್ಯಾಯ ಸಚಿವಾಲಯ ದೇಶದಲ್ಲಿ ನೆಲೆಸಿದ ವಿದೇಶಿಯರ ಸಮೀಕ್ಷೆ ನಡೆಸಿತು. 4,252 ಮಂದಿ ಉತ್ತರಿಸಿದರು. ವಿದೇಶಿಯರೆಂಬ ಕಾರಣಕ್ಕೆ ಹೀಯಾಳಿಕೆಯ ಮಾತು ಕೇಳಿದ್ದೇವೆ ಎಂದವರು ನೂರಕ್ಕೆ ಸುಮಾರು 30. ಯಾರಿಂದ ಎಂಬುದಕ್ಕೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟ ಉತ್ತರ: ಗುರುತು ಪರಿಚಯವಿಲ್ಲದವರಿಂದ. ಮನೆ ಹುಡುಕಿದವರಲ್ಲಿ ನೂರಕ್ಕೆ 39.3 ಮಂದಿಗೆ ವಿದೇಶಿ ಎಂಬ ಕಾರಣಕ್ಕೇ ಮನೆ ಸಿಕ್ಕಿರಲಿಲ್ಲ. ಮನೆ ಕೊಡದವರಿಂದ ಆಗುವ ಪೆಟ್ಟಿನ ಮುಂದೆ ಖಾಲಿ ಸೀಟಿನ ಪೆಟ್ಟು ಚಿಕ್ಕದು. ಎರಡಕ್ಕೂ ಬೇರು ಒಂದೇ ಎಂಬುದನ್ನು ಮರೆಯಬಾರದು.

ಹಾಗೆಂದು ದಿನವೂ ಸೀಟು ಎಣಿಸುತ್ತ ಕೂರಬೇಡಿ. ಬೆಳಗಿನ ದಟ್ಟಣೆಯಲ್ಲಿ ಈ ಎಣಿಕೆಗೆ ಅರ್ಥವೇ ಇರುವುದಿಲ್ಲ. 2019ರ ಲೆಕ್ಕದಲ್ಲಿ ತೋಜಾಯ್ ಮಾರ್ಗದ ಕಿಬಾ ಮತ್ತು ಮೊಂಜೆನ್-ನಕಾಚೊ ನಡುವಿನ ದಟ್ಟಣೆ ಶೇಕಡ 199. ಮೈಗೆ ಮೈ ಒತ್ತಿ, ಒಂದು ವಾರಪತ್ರಿಕೆಯನ್ನು ಹೇಗೋ ಹಿಡಿದು ಓದಬಹುದಾದಷ್ಟು ಜಾಗ ಉಳಿಯುವ ಸ್ಥಿತಿಯನ್ನು ಅಲ್ಲಿನ ಸಾರಿಗೆ ಇಲಾಖೆ ಶೇಕಡ 200 ಎನ್ನುತ್ತದೆ. ಅಂಥ ನೂಕಿನಲ್ಲಿ ಯಾರು ಯಾವ ದೇಶದವರೆಂದು ನೋಡಿ ದೂರ ನಿಲ್ಲಲು ಯಾರಿಗೂ ಆಗದು. ಇನ್ನು ರಾತ್ರಿಯ ರೈಲಿನಲ್ಲಿ ದುಡಿದು ಸುಸ್ತಾದ ಪಕ್ಕದವರು ನಿಮ್ಮ ಭುಜಕ್ಕೇ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಅವರನ್ನು ಎಬ್ಬಿಸದೆ ಹಾಗೇ ಬಿಡುವುದು ಅಲ್ಲಿಯ ರೂಢಿ. ನೀವೂ ಬಿಡಿ.

ಒಳ್ಳೆಯದರ ಬಗ್ಗೆ ಹೇಳಲು ಹೆಚ್ಚು ಮಾತು ಬೇಡ, ನೀವೇ ಕಾಣುತ್ತೀರಿ. ನಕ್ಷೆಯ ಮುಂದೆ ಗೊಂದಲದಿಂದ ನಿಂತವರನ್ನು ತಮ್ಮ ರೈಲು ತಪ್ಪಿದರೂ ಸರಿಯಾದ ಪ್ಲಾಟ್‌ಫಾರಂವರೆಗೆ ಕರೆದೊಯ್ಯುವವರಿದ್ದಾರೆ. ಸೀಟಿನಲ್ಲಿ ಮರೆತ ಪರ್ಸು ಹಾಗೇ ವಾಪಸು ಬರುತ್ತದೆ. ಟೋಕಿಯೊ ಪೊಲೀಸರ ಕಳೆದ ವಸ್ತುಗಳ ಕೇಂದ್ರಕ್ಕೆ ವರ್ಷಕ್ಕೆ 40 ಲಕ್ಷದಷ್ಟು ವಸ್ತುಗಳು ಸೇರುತ್ತವೆ. ಹಳ್ಳಿಗಾಡಿನ ಪುಟ್ಟ ರೈಲುಗಳಲ್ಲಿ ಎದುರುಬದುರು ಕೂತ ಅಜ್ಜಿಯರು ಕಿತ್ತಳೆ ಕೊಟ್ಟು ಮಾತಿಗೆಳೆಯುವುದೂ ಉಂಟು. ಟೋಕಿಯೊಗಿಂತ ಒಸಾಕದ ಜನ ಮಾತಿಗೆ ಹತ್ತಿರ. ಹಿರಿಯರಿಗೆ ಸೀಟು ಬಿಟ್ಟುಕೊಡಲು ಹೋದರೆ ಮೊದಲು ಬೇಡವೆನ್ನುತ್ತಾರೆ. ಒತ್ತಾಯ ಮಾಡದೆ “ದೋಜೊ” (ಕೂತ್ಕೊಳ್ಳಿ) ಎಂದು ಎದ್ದು ಎರಡು ಹೆಜ್ಜೆ ದೂರ ಹೋಗಿಬಿಡಿ, ಕೂರುತ್ತಾರೆ.

ಈಚೆಗೆ ಒಂದು ಹೊಸ ಕಿರಿಕಿರಿ ಸೇರಿಕೊಂಡಿದೆ. 2024ರಲ್ಲಿ 3 ಕೋಟಿ 68 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಜಪಾನಿಗೆ ಬಂದರು. ಕ್ಯೋಟೊದಲ್ಲಿ ಊರಿನ ಮುದುಕರು ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ದೊಡ್ಡ ಸೂಟ್‌ಕೇಸುಗಳು ತುಂಬಿ, ಅವರಿಗೇ ಹತ್ತಲು ಜಾಗವಿಲ್ಲದಂತಾಯಿತು. ನಗರಾಡಳಿತ 2023ರ ಸೆಪ್ಟೆಂಬರಿನಲ್ಲಿ ಬಸ್ಸಿನ ಒಂದು ದಿನದ ಪಾಸು ಮಾರುವುದನ್ನು ನಿಲ್ಲಿಸಿತು, 2024ರ ಜೂನ್‌ನಿಂದ ಪ್ರವಾಸಿಗರಿಗೆಂದೇ ಬೇರೆ ಎಕ್ಸ್‌ಪ್ರೆಸ್ ಬಸ್ಸು ಬಿಟ್ಟಿತು. ತೊಕಾಯ್ದೊ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ 2020ರಿಂದ ಮುಂಗಡವಾಗಿ ಜಾಗ ಕಾದಿರಿಸಬೇಕು. ಕ್ಯೋಟೊದ ಮುದುಕರ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟು ಪ್ರವಾಸಿಗೂ, ಹತ್ತು ವರ್ಷದಿಂದ ಅಲ್ಲೇ ತೆರಿಗೆ ಕಟ್ಟಿಕೊಂಡಿರುವ ನಿವಾಸಿಗೂ ವ್ಯತ್ಯಾಸ ಮಾಡುವುದಿಲ್ಲ. ಬೇರೆಯವರ ಪೆಟ್ಟಿಗೆಯ ಬೈಗುಳ ನಿಮಗೆ ಬೀಳಬಹುದು.

ವಿದೇಶಿಯರೂ ಆ ರೈಲುಗಳ ಸಹಪ್ರಯಾಣಿಕರೇ ಎಂಬುದನ್ನು ಜಪಾನಿಗೆ ಮನಗಾಣಿಸಿದ ಒಂದು ದಾರುಣ ಘಟನೆ ಇದೆ. 2001ರ ಜನವರಿ 26ರ ಸಂಜೆ ಟೋಕಿಯೊದ ಶಿನ್-ಒಕುಬೊ ನಿಲ್ದಾಣದಲ್ಲಿ ಕುಡಿದಿದ್ದ ಒಬ್ಬ ಜಪಾನೀ ವ್ಯಕ್ತಿ ಹಳಿಯ ಮೇಲೆ ಬಿದ್ದ. ಅವನನ್ನು ಎತ್ತಲು ಇಬ್ಬರು ಹಾರಿದರು. ಒಬ್ಬರು ಜಪಾನೀ ಛಾಯಾಗ್ರಾಹಕ ಸೆಕಿನೆ ಶಿರೊ, ಇನ್ನೊಬ್ಬ 26 ವರ್ಷದ ಕೊರಿಯನ್ ವಿದ್ಯಾರ್ಥಿ ಲೀ ಸೂ-ಹ್ಯುನ್. ಮೂವರೂ ಸತ್ತರು. ಆ ನಿಲ್ದಾಣದಲ್ಲಿ ಜಪಾನೀ ಮತ್ತು ಕೊರಿಯನ್ ಭಾಷೆಗಳಲ್ಲಿ ಬರೆದ ಸ್ಮಾರಕ ಫಲಕವಿದೆ. ಆ ಕಡೆ ಹೋದಾಗ ತಪ್ಪದೆ ನೋಡಿ.

ಕೊನೆಗೆ, ಕೆಟ್ಟದ್ದು ಎದುರಾದರೆ ಏನು ಮಾಡಬೇಕು ಎಂಬುದು. 2016ರ ಅಕ್ಟೋಬರ್ 10ರಂದು ಒಸಾಕದ ನಾಂಬಾದಿಂದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೊರಟ ನಾಂಕಾಯ್ ಕಂಪನಿಯ ರೈಲಿನಲ್ಲಿ, ಇಂದು ವಿದೇಶಿ ಪ್ರಯಾಣಿಕರು ಹೆಚ್ಚಾಗಿ ಜಪಾನೀ ಪ್ರಯಾಣಿಕರಿಗೆ ಅನನುಕೂಲವಾಗುತ್ತಿದೆ ಎಂದು ಕಂಡಕ್ಟರ್ ಮೈಕಿನಲ್ಲಿ ಹೇಳಿಬಿಟ್ಟರು. ವಿದೇಶಿಯರೆಲ್ಲ ಅಡ್ಡ ಎಂದು ಒಬ್ಬ ಪ್ರಯಾಣಿಕ ಕೂಗಾಡಿದ್ದನ್ನು ಕೇಳಿ, ಜಗಳವಾಗದಿರಲಿ ಎಂದು ಹಾಗೆ ಹೇಳಿದೆ ಎಂಬುದು ಅವರ ವಿವರಣೆ. ಅದೇ ರೈಲಿನಲ್ಲಿದ್ದ ಒಬ್ಬ ಜಪಾನೀ ಮಹಿಳೆ ಇಳಿದ ಮೇಲೆ ನಿಲ್ದಾಣದ ಸಿಬ್ಬಂದಿಯ ಬಳಿ ಹೋಗಿ, ಇಂಥ ಪ್ರಕಟಣೆ ಸರಿಯೇ ಎಂದು ಕೇಳಿದರು. ಜಪಾನೀಯರಿರಲಿ, ವಿದೇಶಿಯರಿರಲಿ, ಪ್ರಯಾಣಿಕರೆಲ್ಲ ಒಂದೇ ಎಂದು ಹೇಳಿದ ಕಂಪನಿ ಆ ಕಂಡಕ್ಟರಿಗೆ ಎಚ್ಚರಿಕೆ ಕೊಟ್ಟಿತು.

ಜಪಾನಿನಲ್ಲಿ ದ್ವೇಷದ ಮಾತಿನ ವಿರುದ್ಧ 2016ರಲ್ಲಿ ಬಂದ ಕಾನೂನಿಗೆ ಶಿಕ್ಷೆಯ ಹಲ್ಲಿಲ್ಲ. ದಂಡ ವಿಧಿಸುವ ಧೈರ್ಯ ಮೊದಲು ಮಾಡಿದ್ದು ಕವಾಸಾಕಿ ನಗರ, 2019ರ ತನ್ನ ಕಟ್ಟಳೆಯಲ್ಲಿ. ಆದ್ದರಿಂದ ರೈಲಿನಲ್ಲಿ ಯಾರಾದರೂ ನಿಮ್ಮ ಮೇಲೆ ಕೂಗಾಡಿದರೆ ವಾದಕ್ಕೆ ಇಳಿಯಬೇಡಿ. ಎದ್ದು ಇನ್ನೊಂದು ಬೋಗಿಗೆ ಹೋಗಿ, ಮುಂದಿನ ನಿಲ್ದಾಣದ ಸಿಬ್ಬಂದಿಗೆ ಗಂಟೆ, ಮಾರ್ಗ, ಬೋಗಿಯ ಸಂಖ್ಯೆ ಹೇಳಿ ದೂರು ಕೊಡಿ. ಮೈಮುಟ್ಟಿದರೆ ತಡಮಾಡದೆ ಪೊಲೀಸರಿಗೆ ಹೇಳಿ. ನ್ಯಾಯ ಸಚಿವಾಲಯದ ಮಾನವ ಹಕ್ಕುಗಳ ಸಹಾಯವಾಣಿ ಇಂಗ್ಲಿಷ್, ನೇಪಾಳಿ ಸೇರಿ 10 ವಿದೇಶಿ ಭಾಷೆಗಳಲ್ಲಿ ಸಿಗುತ್ತದೆ. ಹೊರಡುವ ಮುನ್ನವೇ ಅದರ ನಂಬರನ್ನು ಫೋನಿನಲ್ಲಿ ಹಾಕಿಕೊಳ್ಳಿ. ಬೇರೆ ವಿದೇಶಿಯೊಬ್ಬರನ್ನು ಯಾರಾದರೂ ಬೈಯುವುದು ಕಣ್ಣಿಗೆ ಬಿದ್ದರೆ, ಭಾಷೆ ಅರೆಬರೆಯಾದರೂ ಚಿಂತೆಯಿಲ್ಲ, ನಾಂಕಾಯ್ ರೈಲಿನ ಆ ಮಹಿಳೆಯಂತೆ ನೀವೂ ಇಳಿದು ಹೋಗಿ ಸಿಬ್ಬಂದಿಯನ್ನು ಕೇಳಿ.