ಟೋನಿ ಕ್ರೂಸ್ ಹಿಂದೆ ಬಂದು ನಿಲ್ಲುತ್ತಿದ್ದುದು ಯಾಕೆ?

ಗೋಲು ಹೊಡೆದವರ ಹೆಸರು ಸ್ಕೋರ್‌ಬೋರ್ಡಲ್ಲೇ ಬರುತ್ತೆ, ಅವರನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಜರ್ಮನಿಗೆ 114 ಪಂದ್ಯ ಆಡಿ 17 ಗೋಲು ಮಾತ್ರ ಹೊಡೆದ ಮಿಡ್‌ಫೀಲ್ಡರ್ ಟೋನಿ ಕ್ರೂಸ್ ಅವರನ್ನು ಜನ ಅಷ್ಟೊಂದು ಹೊಗಳೋದು ಯಾಕೆ? ಈ ಸಲ ಅದನ್ನೇ ನೋಡೋಣ.

ಮೊದಲು ಬೇಗ ಬೇಗ ವಿವರ. ಹುಟ್ಟಿದ್ದು 1990ರ ಜನವರಿ 4ರಂದು, ಆಗಿನ ಪೂರ್ವ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ. 17ನೇ ವಯಸ್ಸಿಗೇ ಬಯರ್ನ್ ಮ್ಯೂನಿಕ್ ತಂಡದಲ್ಲಿ ಆಡಿದರು. ನಡುವೆ ಒಂದೂವರೆ ವರ್ಷ ಲೆವರ್ಕುಸನ್‌ಗೆ ಎರವಲು ಹೋಗಿ ಬಂದರು. 2014ರಲ್ಲಿ ವಿಶ್ವಕಪ್ ಗೆದ್ದು, ಅದೇ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದರು. ಬಯರ್ನ್‌ನಲ್ಲಿ ಒಂದು, ಮ್ಯಾಡ್ರಿಡ್‌ನಲ್ಲಿ ಐದು, ಒಟ್ಟು ಆರು ಚಾಂಪಿಯನ್ಸ್ ಲೀಗ್.

ಈಗ ಪಾಠಕ್ಕೆ ಬರೋಣ. ಮ್ಯಾಡ್ರಿಡ್‌ನಲ್ಲಿ ಎಡಬದಿಯ ಡಿಫೆಂಡರ್ ಮಾರ್ಸೆಲೊ ಮುಂದೆ ಓಡಿಹೋಗುತ್ತಿದ್ದರು. ಅವರು ಬಿಟ್ಟುಹೋದ ಜಾಗಕ್ಕೆ ಕ್ರೂಸ್ ಇಳಿದು ಬರುತ್ತಿದ್ದರು. ಮಿಡ್‌ಫೀಲ್ಡರ್ ಯಾಕಪ್ಪಾ ಇಷ್ಟು ಹಿಂದೆ ಬಂದ ಅನ್ನಿಸುತ್ತೆ. ಆದರೆ ಮೈದಾನದ ಮಧ್ಯದಲ್ಲಿ ನಿಂತರೆ ನಾಲ್ಕೂ ಕಡೆಯಿಂದ ಎದುರಾಳಿ ಬರಬಹುದು, ಬೆನ್ನ ಹಿಂದೆ ಏನಿದೆ ಅಂತ ಗೊತ್ತಾಗಲ್ಲ. ಇಲ್ಲಿ ನಿಂತರೆ ಇಡೀ ಮೈದಾನ ಕಣ್ಣ ಮುಂದೆ. ಕ್ರೂಸ್ ಬಲಗಾಲಿನ ಆಟಗಾರ. ಎಡಬದಿಯಲ್ಲಿ ನಿಂತಾಗ ಬಲಗಾಲು ಮೈದಾನದ ಒಳಕ್ಕೇ ಇರುತ್ತೆ. ಹಾಗಾಗಿ ಚೆಂಡನ್ನು ಹೆಚ್ಚು ಹೊಂದಿಸಿಕೊಳ್ಳದೆ ಕರ್ಣರೇಖೆಯಲ್ಲಿ ಬಲ ಅಂಚಿಗೆ ಉದ್ದನೆಯ ಪಾಸ್ ಕೊಡಬಹುದು.

ಎದುರಾಳಿಗೆ ಇದು ಧರ್ಮಸಂಕಟ. ಕ್ರೂಸ್ ಮೇಲೆ ಏರಿ ಬಂದರೆ ಬಂದವನ ಹಿಂದೆ ಜಾಗ ಖಾಲಿ, ಮಾರ್ಸೆಲೊ ಅಲ್ಲೇ ಕಾಯ್ತಿರ್ತಾರೆ. ಬರದೇ ಇದ್ದರೆ ಕ್ರೂಸ್‌ಗೆ ಯೋಚಿಸಲು ಸಮಯ ಸಿಗುತ್ತೆ. ಅವರಿಗೆ ಸಮಯ ಕೊಡುವುದು ಇನ್ನೂ ಕೆಟ್ಟದ್ದು.

2024ರ ಯೂರೋ ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಅವರು ಕೊಟ್ಟ 102 ಪಾಸ್‌ಗಳಲ್ಲಿ 101 ಗುರಿ ಮುಟ್ಟಿದವು. ನಮ್ಮಂಥ ಅಂಕಿ ಪ್ರಿಯರು ಇದಕ್ಕೆ ಮರುಳಾಗ್ತೀವಿ. ಆದರೆ ಬರೀ ಶೇಕಡಾವಾರು ನೋಡಿ ಮೋಸಹೋಗಬೇಡಿ. ಹಿಂದಕ್ಕೇ ಪಾಸ್ ಕೊಡುತ್ತಾ ಹೋದರೆ ಯಾರಿಗಾದರೂ ಅಷ್ಟು ಬರುತ್ತೆ. ಆ ಪಾಸ್ ಎಷ್ಟು ಎದುರಾಳಿಗಳನ್ನು ದಾಟಿತು ಅನ್ನೋದು ಮುಖ್ಯ.

ಕ್ರೂಸ್ ತಪ್ಪೇ ಮಾಡಲಿಲ್ಲ ಅಂತಲ್ಲ. 2018ರ ವಿಶ್ವಕಪ್‌ನಲ್ಲಿ, ಸೋಚಿಯಲ್ಲಿ ಸ್ವೀಡನ್ ಮೊದಲ ಗೋಲು ಹೊಡೆದದ್ದೇ ಕ್ರೂಸ್ ಪಾಸ್ ಕೈಕೊಟ್ಟದ್ದರಿಂದ. ರಾಯ್ಸ್ ಸಮ ಮಾಡಿದರು. ಬೋಟೆಂಗ್‌ಗೆ ಕೆಂಪು ಕಾರ್ಡ್ ಸಿಕ್ಕಿ ಜರ್ಮನಿ ಹತ್ತೇ ಜನಕ್ಕೆ ಇಳಿಯಿತು. 95ನೇ ನಿಮಿಷ, ಪೆನಾಲ್ಟಿ ಬಾಕ್ಸಿನ ಎಡ ಅಂಚಿನಲ್ಲಿ ಫ್ರೀ ಕಿಕ್. ಅಲ್ಲಿಂದ ನೇರ ಹೊಡೆಯಲು ಕೋನ ತೀರಾ ಕಿರಿದು. ಕ್ರೂಸ್ ಚೆಂಡನ್ನು ರಾಯ್ಸ್ ಕಡೆ ಮೆಲ್ಲಗೆ ತಳ್ಳಿದರು, ರಾಯ್ಸ್ ನಿಲ್ಲಿಸಿದರು. ಅಷ್ಟರಲ್ಲೇ ಕೋನ ಬದಲಾಯ್ತು. ಕ್ರೂಸ್ ಬಾಗಿಸಿ ಹೊಡೆದ ಚೆಂಡು ದೂರದ ಮೂಲೆಗೆ ಹೋಯಿತು, 2-1. ಪಾಪ, ಮುಂದಿನ ಪಂದ್ಯದಲ್ಲಿ ಕೊರಿಯಾ ಎದುರು ಸೋತು ಜರ್ಮನಿ ಮನೆಗೆ ಹೋಯ್ತು ಅನ್ನೋದು ಬೇರೆ ಮಾತು.

34ರಲ್ಲಿ, ಇನ್ನೂ ಚೆನ್ನಾಗಿ ಆಡುತ್ತಿರುವಾಗಲೇ ಅವರು ನಿವೃತ್ತರಾದರು. ಕೊನೆಯ ಪಂದ್ಯ 2024ರ ಜುಲೈ 5ರಂದು ಸ್ಟುಟ್‌ಗಾರ್ಟ್‌ನಲ್ಲಿ, ಸ್ಪೇನ್ ಎದುರು 1-2 ಸೋಲು. ಅವರ ಹಳೆಯ ಪಂದ್ಯ ಯಾವುದಾದರೂ ಸಿಕ್ಕರೆ ಹತ್ತು ನಿಮಿಷ ಚೆಂಡನ್ನು ಬಿಟ್ಟು ಕ್ರೂಸ್ ಅವರನ್ನೇ ನೋಡಿ. ಚೆಂಡು ಬರುವ ಮೊದಲು ಎಷ್ಟು ಸಲ ತಿರುಗಿ ನೋಡ್ತಾರೆ, ಎಣಿಸಿ.