ಜುಲೈ 31ರ ಒಳಗೆ: ರಿಟರ್ನ್ ತುಂಬುವಾಗ ಉಳಿಯುವ ಹಣ

ಜುಲೈ ಬಂತೆಂದರೆ ಕಚೇರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ‘ಟ್ಯಾಕ್ಸ್ ಉಳಿಸೋಕೆ ಈಗ ಎಲ್ಲಿ ದುಡ್ಡು ಹಾಕ್ಲಿ?’ ಎಲ್ಲಿ ಹಾಕಿದರೂ ಕಳೆದ ವರ್ಷದ ತೆರಿಗೆ ಒಂದು ರೂಪಾಯಿಯೂ ಇಳಿಯದು. 2025-26ರ ಲೆಕ್ಕ ಮಾರ್ಚ್ 31ಕ್ಕೇ ಮುಗಿಯಿತು. ಈಗ ಕಟ್ಟುವ ಎಲ್‌ಐಸಿ ಕಂತು, ಪಿಪಿಎಫ್ ಎಲ್ಲವೂ ಬರುವ ವರ್ಷದ ಖಾತೆಗೆ.

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಹಳೆ ಪದ್ಧತಿ ಲಾಭವೋ ಹೊಸದು ಲಾಭವೋ ಎಂದು ಕೂಡಿ ಕಳೆದು ನೋಡದೆ, ಬ್ಯಾಂಕು ಹಿಡಿದುಕೊಂಡ ಟಿಡಿಎಸ್ ವಾಪಸ್ ಕೇಳದೆ, ಆಗಲೇ ಖರ್ಚಾಗಿರುವುದನ್ನು ತೋರಿಸದೆ, ಗಡುವು ದಾಟಿಸಿ ನಾವು ಬಿಟ್ಟುಕೊಡುವ ಹಣ ಕಡಿಮೆಯದ್ದಲ್ಲ. ಈಗ ಉಳಿಸಬಹುದಾದದ್ದು ಅದನ್ನೇ.

ಒಂದು ಗೊಂದಲವನ್ನು ಮೊದಲೇ ಬಿಡಿಸೋಣ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ನಿಜ. ಆದರೆ ಈಗ ಸಲ್ಲಿಸುತ್ತಿರುವುದು 2026ರ ಮಾರ್ಚ್‌ವರೆಗಿನ ಆದಾಯದ ರಿಟರ್ನ್. ಅದಕ್ಕೆ 1961ರ ಕಾಯ್ದೆಯೇ ಅನ್ವಯ. ಹಾಗಾಗಿ 80ಸಿ, 80ಡಿ ಎಂಬ ಹಳೆಯ ಹೆಸರುಗಳೇ ಇಲ್ಲಿಯೂ ಇವೆ.

ಹಂತ 1: ಮೂರು ಕಾಗದ ಎದುರಿಗಿಟ್ಟುಕೊಳ್ಳಿ

ಉದ್ಯೋಗದಾತರು ಕೊಡುವ ಫಾರ್ಮ್ 16, ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ ಮತ್ತು ಎಐಎಸ್. ಫಾರ್ಮ್ 16ರಲ್ಲಿ ಸಂಬಳದ ಲೆಕ್ಕ, 26ಎಎಸ್‌ನಲ್ಲಿ ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆ ಇರುತ್ತದೆ. ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ಮಾರಾಟ, ಆಸ್ತಿ ವ್ಯವಹಾರಗಳ ಬಗ್ಗೆ ಇಲಾಖೆಗೆ ಏನೇನು ಗೊತ್ತಿದೆ ಎಂಬುದನ್ನು ಎಐಎಸ್ ಹೇಳುತ್ತದೆ. ಇಲಾಖೆಗೆ ಗೊತ್ತಿರುವುದನ್ನು ನೀವು ಬಿಟ್ಟರೆ ನೋಟಿಸ್ ಬರುವುದು ಸಹಜ. ಎಐಎಸ್‌ನಲ್ಲಿರುವುದು ನಿಮ್ಮದಲ್ಲದ ವ್ಯವಹಾರವಾದರೆ ಅಲ್ಲಿಯೇ ಫೀಡ್‌ಬ್ಯಾಕ್ ಹಾಕಿ.

ಹೆಚ್ಚಿನವರು ಎಡವುವುದು ಠೇವಣಿ ಬಡ್ಡಿಯಲ್ಲಿ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಮಾತ್ರ ಟಿಡಿಎಸ್ ಕಡಿತ. 60 ತುಂಬಿದವರಿಗೆ ಆ ಮಿತಿ 1 ಲಕ್ಷ. ಟಿಡಿಎಸ್ ಹಿಡಿದಿಲ್ಲ ಎಂದಮಾತ್ರಕ್ಕೆ ತೆರಿಗೆ ಇಲ್ಲವೆಂದಲ್ಲ, 30,000 ರೂಪಾಯಿ ಬಡ್ಡಿಯನ್ನೂ ಆದಾಯದಲ್ಲಿ ತೋರಿಸಲೇಬೇಕು. ಇದರ ಇನ್ನೊಂದು ಮುಖವೂ ಉಂಟು. ಆದಾಯ ತೆರಿಗೆಯ ಮಟ್ಟಕ್ಕೇ ಬಾರದ ನಿವೃತ್ತರ ಬಡ್ಡಿಯಿಂದ ಬ್ಯಾಂಕು 10% ಹಿಡಿದಿದ್ದರೆ ಅದು ಅವರದೇ ದುಡ್ಡು. ರಿಟರ್ನ್ ಹಾಕದೆ ಅದು ಮರಳದು.

ವರ್ಷದ ನಡುವೆ ಕೆಲಸ ಬದಲಿಸಿದವರು ಎರಡೂ ಕಂಪನಿಗಳ ಫಾರ್ಮ್ 16 ತರಿಸಿಕೊಳ್ಳಿ. ಹಿಂದಿನ ಸಂಬಳವನ್ನು ಹೊಸ ಕಂಪನಿಗೆ ತಿಳಿಸದಿದ್ದರೆ ಇಬ್ಬರೂ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟು, ಇಬ್ಬರೂ ಮೊದಲ ಸ್ಲ್ಯಾಬ್‌ನಿಂದಲೇ ಲೆಕ್ಕ ಹಾಕಿರುತ್ತಾರೆ. ಎರಡನ್ನೂ ಕೂಡಿಸಿದಾಗ ಬಾಕಿ ತೆರಿಗೆ ಹೊರಬೀಳುತ್ತದೆ. ಅದನ್ನು ಬಡ್ಡಿ ಸಮೇತ ಕಟ್ಟಿದ ಮೇಲೆಯೇ ರಿಟರ್ನ್ ಸಲ್ಲಿಸಿ.

ಹಂತ 2: ಹಳೆಯದೋ ಹೊಸದೋ, ಲೆಕ್ಕ ಹಾಕಿಯೇ ಹೇಳಿ

ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. ಅಲ್ಲಿಂದ 8 ಲಕ್ಷದವರೆಗೆ 5%, 12ರವರೆಗೆ 10%, 16ರವರೆಗೆ 15%, 20ರವರೆಗೆ 20%, 24ರವರೆಗೆ 25%, ಮೇಲೆ 30%. ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಮೀರದಿದ್ದರೆ ರಿಬೇಟ್‌ನಿಂದ ತೆರಿಗೆ ಸೊನ್ನೆಗೆ ಇಳಿಯುತ್ತದೆ. ಸಂಬಳ, ಪಿಂಚಣಿದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದರಿಂದ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯಿಲ್ಲ. ಇದರೊಳಗೆ ಇರುವವರು, ಬೇರೆ ಆದಾಯ ಇಲ್ಲದಿದ್ದರೆ, ಹಳೆ ಪದ್ಧತಿಯ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವುದು ದಂಡ. ಮಿತಿಯನ್ನು ಸ್ವಲ್ಪವೇ ದಾಟಿದವರೂ ಹೆದರಬೇಕಿಲ್ಲ. ತೆರಿಗೆಗೆ ಒಳಪಡುವ ಆದಾಯ 12,10,000 ಆದರೆ ಮಾರ್ಜಿನಲ್ ರಿಲೀಫ್‌ನಿಂದ ತೆರಿಗೆ ಆ ಹೆಚ್ಚುವರಿ 10,000 ರೂಪಾಯಿಗೇ ನಿಲ್ಲುತ್ತದೆ, ಸೆಸ್ ಮಾತ್ರ ಬೇರೆ.

ತಲೆ ಕೆಡಿಸಿಕೊಳ್ಳಬೇಕಾದವರು ಅದಕ್ಕಿಂತ ಮೇಲಿರುವವರು. ಒಂದು ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಒಬ್ಬರ ವಾರ್ಷಿಕ ಸಂಬಳ 18 ಲಕ್ಷ ಎಂದುಕೊಳ್ಳಿ. ಮೂಲ ವೇತನ 9 ಲಕ್ಷ, ಎಚ್‌ಆರ್‌ಎ 3.6 ಲಕ್ಷ, ಬಾಡಿಗೆ ತಿಂಗಳಿಗೆ 30,000. ಹೊಸ ಪದ್ಧತಿಯಲ್ಲಿ 75,000 ಕಳೆದು 17.25 ಲಕ್ಷಕ್ಕೆ ತೆರಿಗೆ 1,45,000, ಸೆಸ್ ಸೇರಿ 1,50,800 ರೂಪಾಯಿ.

ಹಳೆ ಪದ್ಧತಿಗೆ ಬನ್ನಿ. ಮೊದಲು ಎಚ್‌ಆರ್‌ಎ ವಿನಾಯಿತಿ. ಕೈಗೆ ಬಂದ ಎಚ್‌ಆರ್‌ಎ, ಬಾಡಿಗೆಯಲ್ಲಿ ಮೂಲ ವೇತನದ 10% ಕಳೆದ ಮೊತ್ತ, ಮೂಲ ವೇತನದ 40%. ಈ ಮೂರರಲ್ಲಿ ಯಾವುದು ಕಡಿಮೆಯೋ ಅದು. ಬೆಂಗಳೂರಿನ ಬಾಡಿಗೆ ಎಷ್ಟೇ ಏರಿದ್ದರೂ ಈ ರಿಟರ್ನ್‌ನ ಮಟ್ಟಿಗೆ ಅದು ಮೆಟ್ರೊ ಅಲ್ಲ. 50% ಲೆಕ್ಕ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ನಮ್ಮವರ ಲೆಕ್ಕದಲ್ಲಿ ಕಡಿಮೆ ಮೊತ್ತ 2.7 ಲಕ್ಷ. ಇದಕ್ಕೆ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ 1.5 ಲಕ್ಷ, ಎನ್‌ಪಿಎಸ್‌ನ ಪ್ರತ್ಯೇಕ 50,000, ತಮ್ಮ ಕುಟುಂಬದ ಮತ್ತು ವಯಸ್ಸಾದ ಅಪ್ಪ-ಅಮ್ಮನ ಆರೋಗ್ಯ ವಿಮೆಗೆ 75,000 ಸೇರಿಸಿ. ವೃತ್ತಿ ತೆರಿಗೆಯ ಸಣ್ಣ ಮೊತ್ತವನ್ನು ಸದ್ಯ ಬಿಡೋಣ. ಎಲ್ಲ ಕಳೆದು ಉಳಿಯುವುದು 12.05 ಲಕ್ಷ, ತೆರಿಗೆ 1,80,960. ಇಷ್ಟೆಲ್ಲ ಉಳಿತಾಯ ಮಾಡಿದರೂ ಹೊಸ ಪದ್ಧತಿಯೇ ಅಗ್ಗ!

ಇದೇ ವ್ಯಕ್ತಿ ಹಾಸನದಲ್ಲಿ ಅಪ್ಪ-ಅಮ್ಮ ಇರಲೆಂದು ಸಾಲ ಮಾಡಿ ಮನೆ ಕಟ್ಟಿಸಿದ್ದರೆ ಲೆಕ್ಕ ತಿರುಗುತ್ತದೆ. ಆ ಸಾಲದ ಬಡ್ಡಿ 2 ಲಕ್ಷದವರೆಗೆ ಕಳೆಯಬಹುದು. ಒಂದೂರಲ್ಲಿ ಬಾಡಿಗೆಗಿದ್ದು ಇನ್ನೊಂದೂರಲ್ಲಿ ಸ್ವಂತ ಮನೆ ಇದ್ದರೆ ಎಚ್‌ಆರ್‌ಎ ಮತ್ತು ಬಡ್ಡಿ ಎರಡನ್ನೂ ಕೇಳಲು ಅಡ್ಡಿಯಿಲ್ಲ. ಆಗ ಹಳೆ ಪದ್ಧತಿಯ ತೆರಿಗೆ 1,18,560ಕ್ಕೆ ಇಳಿದು, ಹೊಸದಕ್ಕಿಂತ 32,240 ರೂಪಾಯಿ ಉಳಿಯುತ್ತದೆ.

ಇಲ್ಲಿಂದ ಹಿಡಿದುಕೊಳ್ಳಬೇಕಾದದ್ದು ಇಷ್ಟು: 18 ಲಕ್ಷದ ಸಂಬಳಕ್ಕೆ ಒಟ್ಟು ಕಡಿತಗಳು ಸುಮಾರು 6.92 ಲಕ್ಷ ದಾಟಿದರೆ ಮಾತ್ರ ಹಳೆಯದು ಲಾಭ. ಗೃಹಸಾಲ ಇಲ್ಲವೇ ದೊಡ್ಡ ಬಾಡಿಗೆಯಿಲ್ಲದೆ ಅಷ್ಟು ದೂರ ಹೋಗುವುದು ಕಷ್ಟ. ಪೋರ್ಟಲ್‌ನಲ್ಲಿಯೇ ಟ್ಯಾಕ್ಸ್ ಕ್ಯಾಲ್ಕುಲೇಟರ್ ಇದೆ, ನಿಮ್ಮ ಅಂಕಿ ಹಾಕಿ ನೋಡಿ. ಕಚೇರಿಯಲ್ಲಿ ‘ಹೊಸದು’ ಎಂದು ಬರೆದುಕೊಟ್ಟು ಅದರಂತೆ ಟಿಡಿಎಸ್ ಹಿಡಿದಿದ್ದರೂ ರಿಟರ್ನ್‌ನಲ್ಲಿ ಹಳೆಯದನ್ನು ಆರಿಸಿಕೊಳ್ಳಬಹುದು. ಸಂಬಳದಾರರಿಗೆ ಈ ಸ್ವಾತಂತ್ರ್ಯ ಪ್ರತಿ ವರ್ಷವೂ ಇದೆ. ವ್ಯಾಪಾರ, ವೃತ್ತಿಯ ಆದಾಯವಿರುವವರಿಗೆ ಹಾಗಿಲ್ಲ. ಅವರು ಫಾರ್ಮ್ 10ಐಇಎ ಸಲ್ಲಿಸಿ ಹಳೆಯದಕ್ಕೆ ಹೋಗಬೇಕು. ಮರಳಿ ಹೊಸದಕ್ಕೆ ಬಂದರೆ ಮತ್ತೆ ಹಿಂದಿರುಗುವಂತಿಲ್ಲ.

ಹಂತ 3: ಖರ್ಚಾಗಿಯೂ ಕೇಳದೆ ಬಿಟ್ಟದ್ದು

ಹಳೆ ಪದ್ಧತಿಗೆ ಹೋಗುವವರು ಇದನ್ನು ಗಮನವಿಟ್ಟು ನೋಡಬೇಕು. ಕಚೇರಿಗೆ ಜನವರಿಯಲ್ಲಿ ದಾಖಲೆ ಕೊಡಲು ಮರೆತಿದ್ದರೂ ರಿಟರ್ನ್‌ನಲ್ಲಿ ಕೇಳುವ ಹಕ್ಕು ಹೋಗಿಲ್ಲ.

ಮಕ್ಕಳ ಶಾಲಾ ಶುಲ್ಕದಲ್ಲಿ ಬೋಧನಾ ಶುಲ್ಕದ ಭಾಗ, ಇಬ್ಬರು ಮಕ್ಕಳವರೆಗೆ, 80ಸಿಯಲ್ಲಿ ಬರುತ್ತದೆ. ಡೊನೇಷನ್, ವ್ಯಾನ್ ಬಾಡಿಗೆ ಬಾರದು. ಗೃಹಸಾಲದ ಅಸಲು, ಆ ವರ್ಷ ಮನೆ ಕೊಂಡವರ ನೋಂದಣಿ ಮತ್ತು ಮುದ್ರಾಂಕ ಶುಲ್ಕವೂ ಅದೇ 1.5 ಲಕ್ಷದೊಳಗೆ ಸೇರುತ್ತವೆ. ವಿಮೆಯಿಲ್ಲದ 60 ದಾಟಿದ ತಂದೆ-ತಾಯಿಯ ಆಸ್ಪತ್ರೆ, ಔಷಧಿ ಖರ್ಚನ್ನು 50,000ದವರೆಗೆ 80ಡಿಯಲ್ಲಿ ಕೇಳಬಹುದು, ನಗದಾಗಿ ಕೊಟ್ಟಿರಬಾರದು ಅಷ್ಟೆ. ನನ್ನ ಮಟ್ಟಿಗೆ ಹೆಚ್ಚು ಜನ ಕಳೆದುಕೊಳ್ಳುವ ಹಕ್ಕು ಇದೇ. ಎಷ್ಟೋ ಹಿರಿಯರಿಗೆ ವಿಮಾ ಕಂಪನಿಗಳು ಪಾಲಿಸಿಯನ್ನೇ ಕೊಡುವುದಿಲ್ಲ. ಆದರೂ ಔಷಧಿ ಅಂಗಡಿಯ ಬಿಲ್ಲುಗಳನ್ನು ಎತ್ತಿಡುವವರು ಕಡಿಮೆ.

ಹಿರಿಯ ನಾಗರಿಕರಿಗೆ ಠೇವಣಿ, ಉಳಿತಾಯ ಖಾತೆ ಎರಡರ ಬಡ್ಡಿಗೂ ಸೇರಿ 50,000 ವಿನಾಯಿತಿ. ಉಳಿದವರಿಗೆ ಉಳಿತಾಯ ಖಾತೆಯ ಬಡ್ಡಿಗೆ ಮಾತ್ರ 10,000. ಎಚ್‌ಆರ್‌ಎ ಕೊಡದ ಸಣ್ಣ ಸಂಸ್ಥೆಗಳಲ್ಲಿ ದುಡಿಯುವವರಿಗೆ 80ಜಿಜಿ ಎಂಬ ದಾರಿಯಿದೆ. ಬಾಡಿಗೆಗಾಗಿ ತಿಂಗಳಿಗೆ 5,000ದವರೆಗೆ ಕಳೆಯಲು ಫಾರ್ಮ್ 10ಬಿಎ ಸಲ್ಲಿಸಬೇಕು.

ಎರಡೂ ಪದ್ಧತಿಗಳಲ್ಲಿ ಸಿಗುವವು ಕೆಲವು. ಉದ್ಯೋಗದಾತರು ನಿಮ್ಮ ಎನ್‌ಪಿಎಸ್‌ಗೆ ಹಾಕುವ ಪಾಲು ಅದರಲ್ಲಿ ಒಂದು. ಸರ್ಕಾರಿ ನೌಕರರಿಗೆ ಮುಖ್ಯವಾದದ್ದು ಹಿಂಬಾಕಿಯ ವಿಷಯ. ಹಿಂದಿನ ವರ್ಷಗಳ ಅರಿಯರ್ಸ್ ಒಟ್ಟಿಗೆ ಬಂದು ತೆರಿಗೆ ಏರಿದ್ದರೆ ಸೆಕ್ಷನ್ 89ರ ಪರಿಹಾರವಿದೆ. ಆದರೆ ಫಾರ್ಮ್ 10ಇ ರಿಟರ್ನ್‌ಗಿಂತ ಮೊದಲೇ ಸಲ್ಲಿಕೆಯಾಗಿರಬೇಕು. ಇಲ್ಲದಿದ್ದರೆ ಕೇಳಿದ ಪರಿಹಾರ ತಿರಸ್ಕೃತವಾಗಿ ತೆರಿಗೆ ಬಾಕಿಯ ನೋಟಿಸ್ ಬರುತ್ತದೆ. ಕುಟುಂಬ ಪಿಂಚಣಿ ಪಡೆಯುವವರು ಅದನ್ನು ಸಂಬಳದ ಕೆಳಗೆ ತೋರಿಸಬಾರದು, ‘ಇತರ ಮೂಲ’ಗಳಲ್ಲಿ ತೋರಿಸಬೇಕು. ಪಿಂಚಣಿಯ ಮೂರನೇ ಒಂದು ಭಾಗ ಅಥವಾ ಹೊಸ ಪದ್ಧತಿಯಲ್ಲಿ 25,000 (ಹಳೆಯದರಲ್ಲಿ 15,000), ಕಡಿಮೆಯದ್ದನ್ನು ಕಳೆಯಬಹುದು.

ಹಂತ 4: ಸರಿಯಾದ ಫಾರ್ಮ್

50 ಲಕ್ಷದೊಳಗಿನ ಸಂಬಳ, ಪಿಂಚಣಿ, ಬಡ್ಡಿ ಆದಾಯದವರಿಗೆ ಐಟಿಆರ್-1 ಸಾಕು. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಅದು ನಡೆಯದು, ಐಟಿಆರ್-2ಕ್ಕೆ ಹೋಗಬೇಕು. ಊರಲ್ಲಿ ಅಡಿಕೆ ತೋಟವಿದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸಲು ಅದನ್ನು ಸೇರಿಸಿ ನೋಡಲಾಗುತ್ತದೆ. ಕಾಫಿ ಬೆಳೆಗಾರರದು ಇನ್ನೂ ಬೇರೆ. ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಲಾಭದ 25%, ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯವಾಗುತ್ತದೆ. ಅಂಥವರು ಲೆಕ್ಕಪರಿಶೋಧಕರ ಬಳಿ ಹೋಗುವುದೇ ಮೇಲು.

ಷೇರು ವ್ಯವಹಾರ ಮಾಡುವ ಹುಡುಗರಿಗೆ ಒಂದು ಎಚ್ಚರಿಕೆ: 12 ಲಕ್ಷದ ರಿಬೇಟ್ ಷೇರು ಲಾಭಕ್ಕೆ ಸಿಗದು. ತೆರಿಗೆಗೆ ಒಳಪಡುವ ಸಂಬಳ 9 ಲಕ್ಷ, ವರ್ಷದೊಳಗೆ ಮಾರಿದ ಷೇರಿನ ಲಾಭ 1 ಲಕ್ಷ ಇದ್ದರೆ ಸಂಬಳದ ಮೇಲಿನ ತೆರಿಗೆ ಸೊನ್ನೆ. ಷೇರಿನ ಲಾಭಕ್ಕೆ ಮಾತ್ರ 20%, ಸೆಸ್ ಸೇರಿ 20,800 ಕಟ್ಟಲೇಬೇಕು. ನಷ್ಟವಾಗಿದ್ದರೂ ತೋರಿಸಿ, ಗಡುವಿನೊಳಗೆ ಸಲ್ಲಿಸಿದರೆ ಅದನ್ನು 8 ವರ್ಷ ಮುಂದಕ್ಕೆ ಒಯ್ದು ಲಾಭದಿಂದ ಕಳೆಯಬಹುದು.

‘ರೀಫಂಡ್ ಕೊಡಿಸ್ತೀವಿ’ ಎನ್ನುವವರು

ರೀಫಂಡ್‌ನ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು ಎನ್ನುವ ಮಧ್ಯವರ್ತಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಹಾಕುವುದು ಇಲ್ಲದ ಬಾಡಿಗೆ, ಕೊಡದ ರಾಜಕೀಯ ದೇಣಿಗೆ, ಮಾಡದ ವೈದ್ಯಕೀಯ ಖರ್ಚು. 2025ರ ಜುಲೈನಲ್ಲಿ ಇಲಾಖೆ ಇಂಥ ಸುಳ್ಳು ಕಡಿತಗಳ ಜಾಡು ಹಿಡಿದು ದೇಶದ ಹಲವೆಡೆ ತಪಾಸಣೆ ನಡೆಸಿತ್ತು. ರಿಟರ್ನ್ ಅರ್ಜಿಯೂ ಈಗ ಪಾಲಿಸಿ ಸಂಖ್ಯೆ, ಸಾಲ ಕೊಟ್ಟ ಬ್ಯಾಂಕಿನ ವಿವರಗಳನ್ನೆಲ್ಲ ಕೇಳುತ್ತದೆ. ವರ್ಷಕ್ಕೆ 1 ಲಕ್ಷ ದಾಟಿದ ಬಾಡಿಗೆಗೆ ಮನೆ ಮಾಲೀಕರ ಪ್ಯಾನ್ ಬೇಕು. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಮೇಲೆ ತೆರಿಗೆಯ ಎರಡು ಪಟ್ಟು ದಂಡ ನಿಮ್ಮ ತಲೆಗೆ. ಕಮಿಷನ್ ತೆಗೆದುಕೊಂಡವನು ಆಗ ಫೋನ್ ಎತ್ತುವುದಿಲ್ಲ. ಅಪ್ಪನಿಗೆ ನಿಜಕ್ಕೂ ಬಾಡಿಗೆ ಕೊಡುತ್ತಿದ್ದರೆ ತಪ್ಪೇನಿಲ್ಲ, ಅದು ಬ್ಯಾಂಕ್ ಮೂಲಕ ಹೋಗಿರಲಿ, ಅಪ್ಪನ ಆದಾಯದಲ್ಲೂ ಕಾಣಲಿ.

ಹಂತ 5: ಸಲ್ಲಿಸಿದರೆ ಮುಗಿಯಲಿಲ್ಲ

ಪ್ಯಾನ್-ಆಧಾರ್ ಜೋಡಣೆ ಆಗಿದೆಯೇ, ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿದೆಯೇ ನೋಡಿಕೊಳ್ಳಿ.

ಐಟಿಆರ್-1 ಮತ್ತು 2ಕ್ಕೆ ಕೊನೆಯ ದಿನ ಜುಲೈ 31. ತಡವಾದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು, 5,000 ರೂಪಾಯಿ ಶುಲ್ಕದೊಂದಿಗೆ. ಆದಾಯ 5 ಲಕ್ಷದೊಳಗಿದ್ದರೆ 1,000. ಬಾಕಿ ತೆರಿಗೆಗೆ ತಿಂಗಳಿಗೆ 1% ಬಡ್ಡಿ ಬೇರೆ. ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ತಡವಾದವರಿಗೆ ಹಳೆ ಪದ್ಧತಿಯೇ ಸಿಗುವುದಿಲ್ಲ ಎಂಬುದರಿಂದ. ಹಾಸನದ ಗೃಹಸಾಲದವರು ಆಗಸ್ಟ್ 1ಕ್ಕೆ ಸಲ್ಲಿಸಿದರೆ 32,240 ರೂಪಾಯಿಯ ಉಳಿತಾಯ ಹೋಯಿತು, ಮೇಲೆ 5,000 ಶುಲ್ಕ.

ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್‌ನಿಂದ ಇ-ವೆರಿಫೈ ಮಾಡಿ. ಆಗದಿದ್ದರೆ ಐಟಿಆರ್-ವಿ ಮುದ್ರಿಸಿ, ಸಹಿ ಹಾಕಿ, ಬೆಂಗಳೂರಿನ ಸಿಪಿಸಿಗೆ (ಪಿನ್ 560500) ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ದೇಶದ ರಿಟರ್ನ್‌ಗಳನ್ನು ಸಂಸ್ಕರಿಸುವ ಕೇಂದ್ರ ಇರುವುದು ನಮ್ಮ ಊರಿನಲ್ಲೇ. 30 ದಿನ ದಾಟಿದರೆ ವೆರಿಫೈ ಆದ ದಿನವೇ ಸಲ್ಲಿಕೆಯ ದಿನವಾಗಿ ತಡದ ಶುಲ್ಕ ಬೀಳಬಹುದು.

ಆಮೇಲೆ 143(1) ಇಂಟಿಮೇಷನ್ ಇಮೇಲ್‌ಗೆ ಬರುತ್ತದೆ. ಅದರ ಪಾಸ್‌ವರ್ಡ್ ಸಣ್ಣಕ್ಷರದಲ್ಲಿ ಪ್ಯಾನ್, ಅದರ ಹಿಂದೆಯೇ ಹುಟ್ಟಿದ ದಿನಾಂಕ. ‘ನೀವು ಕೊಟ್ಟಂತೆ’ ಮತ್ತು ‘ಇಲಾಖೆ ಲೆಕ್ಕ ಹಾಕಿದಂತೆ’ ಎಂಬ ಎರಡು ಸಾಲುಗಳನ್ನು ಹೋಲಿಸಿ ನೋಡಿ, ಟಿಡಿಎಸ್ ಅಂಕಿ ಎರಡರಲ್ಲೂ ಒಂದೇ ಇರಬೇಕು. ರೀಫಂಡ್‌ಗಾಗಿ ಒಟಿಪಿ ಕೇಳುವ ಕರೆ, ಲಿಂಕ್ ಒತ್ತಿರೆನ್ನುವ ಎಸ್‌ಎಂಎಸ್ ಬಂದರೆ ಉತ್ತರಿಸಬೇಡಿ. ರೀಫಂಡ್ ಎಲ್ಲಿಗೆ ಬಂದಿದೆ ಎಂದು ಪೋರ್ಟಲ್‌ಗೇ ಲಾಗಿನ್ ಆಗಿ ನೋಡಿ.